ನೇರ ರಸ್ತೆಯ ಹೋಂವರ್ಕ್

ಆಫೀಸಿನಲ್ಲಿ ಎಲ್ಲರೂ ಅವನನ್ನು ಯೂತ್ ಅಂತಲೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರೊಂದು ಇತ್ತು, ಅದು ಸಂಬಳದ ಚೀಟಿಯಲ್ಲಿ ಮಾತ್ರ ಬದುಕಿತ್ತು. ಬೆಟ್ಟ-ಕೆರೆ ಒಕ್ಕೂಟಕ್ಕೆ ಯುವಜನ ಸಂಯೋಜಕನಾಗಿ ಸೇರಿದಾಗ ಅವನು ನಿಜಕ್ಕೂ ಯುವಕನೇ. ಆಮೇಲೆ ಹುದ್ದೆ ಇದ್ದಲ್ಲೇ ಇತ್ತು, ವಯಸ್ಸು ಮಾತ್ರ ಬಡ್ತಿ ಪಡೆಯುತ್ತಾ ಹೋಯಿತು. ಕಿವಿಯ ಮೇಲೆ ಒಂದು ಬಿಳಿ ಕೂದಲು ಕಂಡಾಗ ಕಿತ್ತುಹಾಕಿದ. ಅದು ಹೋಗಿ ತನ್ನ ಬಂಧುಬಳಗವನ್ನೆಲ್ಲ ಕರೆದುಕೊಂಡು ಬಂತು.

ಒಕ್ಕೂಟದ ಕೆಲಸವನ್ನು ಅವನು ಎಷ್ಟು ಸಲ ವಿವರಿಸಿದ್ದನೆಂದರೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ಒಂದು ಕಡೆ ಬೆಟ್ಟದ ಕಾಡು, ಇನ್ನೊಂದು ಕಡೆ ದೊಡ್ಡ ಕೆರೆ ಮತ್ತು ಅದರ ಜೌಗು. ನಡುವೆ ಹೊಲ, ಹುಲ್ಲುಗಾವಲು, ಕಲ್ಲುಗಣಿ, ಕೆಲವು ಊರುಗಳು. ಎಲ್ಲವನ್ನೂ ಸೀಳಿಕೊಂಡು ಹೋಗುವ ಒಂದು ರಸ್ತೆ. ಪ್ರಾಣಿಗಳಿಗೆ ಬೆಟ್ಟವೂ ಬೇಕು, ಕೆರೆಯೂ ಬೇಕು, ರಸ್ತೆಯೊಂದು ಬೇಡ. ಇಷ್ಟೂ ನೆಲವನ್ನು ಒಂದೇ ಮನೆ ಅಂತ ನೋಡಬೇಕು, ಹಜಾರ ಒಬ್ಬರದು ಅಡುಗೆಮನೆ ಇನ್ನೊಬ್ಬರದು ಅಂದರೆ ಆಗದು ಎಂಬುದು ಒಕ್ಕೂಟದ ವಾದ. ಅದಕ್ಕಾಗಿ ಅರಣ್ಯದವರು, ರಸ್ತೆಯವರು, ಹೊಲದವರು, ಗಣಿಯವರು ಎಲ್ಲರೂ ತಿಂಗಳಿಗೊಮ್ಮೆ ಟೈರ್ ಅಂಗಡಿಯ ಮಹಡಿಯಲ್ಲಿರುವ ಆಫೀಸಿನಲ್ಲಿ ಸೇರುತ್ತಿದ್ದರು. ಕೆಳಗೆ ಗಾಳಿ ತುಂಬುವ ಯಂತ್ರ ಶುರುವಾದರೆ ಮೇಲೆ ಮಾತು ನಿಲ್ಲುತ್ತಿತ್ತು. ಅದು ನಿಂತ ಮೇಲೆ, ಯಾರು ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ ಜಗಳ ಮುಂದುವರಿಯುತ್ತಿತ್ತು.

ಆ ಮೇಜಿನ ಸುತ್ತ ಒಂದು ಕುರ್ಚಿಯ ಮುಂದೆ ‘ಯುವಜನ’ ಎಂಬ ಫಲಕ. ವಿದ್ಯಾರ್ಥಿಗಳಿಗೆ ಸಭೆಯ ಹೊತ್ತಿಗೆ ಕ್ಲಾಸಿರುತ್ತದೆ ಎಂಬ ನೆಪದಲ್ಲಿ ಅಲ್ಲಿ ಇವನೇ ಕೂರುತ್ತಿದ್ದ. ಯುವಜನರ ಅಭಿಪ್ರಾಯವೇನು ಅಂತ ಯಾರಾದರೂ ಕೇಳಿದರೆ ಗಂಟಲು ಸರಿಮಾಡಿಕೊಂಡು, ಯುವಜನರು ಉತ್ಸಾಹದಲ್ಲಿದ್ದಾರೆ ಅನ್ನುತ್ತಿದ್ದ. ಯುವಜನರು ಎಂದೂ ಬೇರೆ ಸ್ಥಿತಿಯಲ್ಲಿ ಇದ್ದದ್ದೇ ಇಲ್ಲ.

ಉಳಿದ ದಿನಗಳಲ್ಲಿ ಅವನ ಕೆಲಸ ಟೋಪಿ ಹಂಚುವುದು. ಹಸಿರು ಟೋಪಿ. ಕಾಲೇಜಿನ ಮಕ್ಕಳನ್ನು ಕೆರೆ ದಡಕ್ಕೆ ಕರೆದುಕೊಂಡು ಹೋಗಿ, ಟೋಪಿ ಹಾಕಿಸಿ, ಕಸ ಹೆಕ್ಕಿಸಿ, ಬ್ಯಾನರ್ ಹಿಡಿಸಿ ಫೋಟೋ ತೆಗೆದು, ಟೋಪಿ ವಾಪಸ್ಸು ಇಸಿದುಕೊಂಡು ಬರುವುದು. ಫೋಟೋ ವರದಿಗೆ ಹೋಗುತ್ತಿತ್ತು, ಮಕ್ಕಳು ಮನೆಗೆ. ಕೆರೆ ಅಲ್ಲೇ ಇರುತ್ತಿತ್ತು. ನಿನ್ನ ಮಗ ಏನು ಕೆಲಸ ಮಾಡ್ತಾನೆ ಅಂತ ಯಾರಾದರೂ ಕೇಳಿದರೆ ಅಮ್ಮ ಮೊದಮೊದಲು ಪ್ರಾಣಿಗಳನ್ನ ಉಳಿಸ್ತಾನೆ ಅನ್ನುತ್ತಿದ್ದಳು. ಈಚೆಗೆ, ಟೈರ್ ಅಂಗಡಿ ಹತ್ತಿರ ಎಲ್ಲೋ ಇದ್ದಾನೆ ಅನ್ನುವಲ್ಲಿಗೆ ಬಂದಿದ್ದಳು.

ಮನೆಯಲ್ಲಿ ಅಮ್ಮ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅಕ್ಕ ಮತ್ತು ಅಕ್ಕನ ಮಗಳು. ಅವಳಿಗೆ ಮಾತು ಕಲಿತ ದಿನದಿಂದ ಗಿಣಿ ಅಂತಲೇ ಹೆಸರು, ಏಕೆಂದರೆ ಕಲಿತ ಮೇಲೆ ನಿಲ್ಲಿಸಿರಲಿಲ್ಲ. ಈಗ ಪಿಯುಸಿ. ಲೆಕ್ಕದಲ್ಲಿ ಗಟ್ಟಿಗಿತ್ತಿ. ಮಾವನ ಹುದ್ದೆ ಅವಳಿಗೆ ದಿನಾ ಹೊಸ ಜೋಕು. ಮಾಮ, ನೀನೇ ಯೂತ್ ಆದ್ರೆ ನಾನೇನು ತೊಟ್ಟಿಲಲ್ಲಿ ಇರ್ಬೇಕಾ ಅಂತ ಊಟದ ಮಧ್ಯೆ ಕೇಳುವಳು. ಅಜ್ಜಿ ನಗುವಳು. ಅವನು ನೀರು ಕುಡಿಯುವನು.

ಬಸ್ಸಿನ ಉಪಾಯ ಹುಟ್ಟಿದ್ದೂ ಆ ಊಟದ ಮೇಜಿನಲ್ಲೇ. ಒಕ್ಕೂಟದ ನಿರ್ದೇಶಕಿ ಮೇಡಂ ಅವನನ್ನು ಕರೆದು, ಈ ವರ್ಷ ಬರೀ ಟೋಪಿ ಸಾಲದು, ಮಕ್ಕಳಿಂದ ಒಂದು ನಿಜವಾದ ಕೆಲಸ ಆಗಬೇಕು ಅಂದಿದ್ದರು. ರಸ್ತೆಯಲ್ಲಿ ಪ್ರಾಣಿಗಳು ಎಲ್ಲಿ ಸಾಯುತ್ತವೆ ಎಂದು ಗುರುತಿಸಿದರೆ, ಅಲ್ಲಿ ರಸ್ತೆಯ ಅಡಿಯಲ್ಲಿ ಅವು ದಾಟಲು ಒಂದು ಸುರಂಗ ತೋಡಿಸಬಹುದು. ಒಂದೇ ಒಂದು, ಅಷ್ಟಕ್ಕೇ ಒಪ್ಪಿಗೆ ಸಿಕ್ಕಿತ್ತು. ಇದನ್ನು ಕೇಳಿ ಅವನ ಮುಖ ಸಣ್ಣದಾಯಿತು. ಮಕ್ಕಳನ್ನು ಕಟ್ಟಿಕೊಂಡು ಉದ್ದಾನುದ್ದ ರಸ್ತೆ ನಡೆಯುವುದೆಂದರೆ ತಾನೂ ನಡೆಯಬೇಕಲ್ಲ ಎಂಬುದು ಅವನ ಮೊದಲ ಚಿಂತೆ. ರಾತ್ರಿ ಊಟಕ್ಕೆ ಕೂತಾಗ ಸುರಂಗದ ಮಾತೆತ್ತದೆ, ಸತ್ತ ಪ್ರಾಣಿ ಎಣಿಸುತ್ತಾ ನಡೆಯುವ ಕಷ್ಟವನ್ನಷ್ಟೇ ತೋಡಿಕೊಂಡ. ನಡೆಯೋದ್ಯಾಕೆ, ನಾವು ದಿನಾ ಅದೇ ರಸ್ತೇಲಿ ಬಸ್ಸಲ್ಲಿ ಹೋಗಲ್ವಾ, ಕಿಟಕಿಗೊಬ್ಬರಂತೆ ನೋಡಿದ್ರಾಯ್ತು ಅಂದಳು ಗಿಣಿ. ಮರುದಿನ ಈ ಉಪಾಯವನ್ನು ಅವನು ಮೇಡಂ ಮುಂದೆ ಇಟ್ಟ. ಯಾರದು ಅಂತ ಅವರು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಕಾಲೇಜು ಬಸ್ಸು ಬೆಟ್ಟದ ಬುಡದಿಂದ ಹೊರಟು ಊರೂರಿನ ಮಕ್ಕಳನ್ನು ಹತ್ತಿಸಿಕೊಂಡು ಬರುತ್ತಿತ್ತು. ಎಡಗಿಟಕಿಯವರು ಎಡಕ್ಕೆ, ಬಲಗಿಟಕಿಯವರು ಬಲಕ್ಕೆ. ಸತ್ತ ಪ್ರಾಣಿ ಕಂಡರೆ ಕೂಗಬೇಕು, ಪಕ್ಕದವರು ಫೋನಿನ ನಕ್ಷೆಯ ಮೇಲೆ ಚುಕ್ಕೆ ಇಡಬೇಕು. ಮೊದಲ ವಾರ ಚಪ್ಪಲಿ, ಟೈರಿನ ಚೂರು, ಯಾರದೋ ಸ್ವೆಟರ್ ಎಲ್ಲವೂ ಪ್ರಾಣಿಯಾದವು. ಆಮೇಲೆ ಕಣ್ಣು ಪಳಗಿತು. ಮೊಲ, ಆಮೆ, ಹಾವು, ನರಿ, ಮುಳ್ಳುಹಂದಿ. ಒಂದು ದಿನ ಗಿಣಿ ಮನೆಗೆ ಬಂದು, ಚಪ್ಪಟೆಯಾದ ಆಮೆ ನೋಡಿದ ಮೇಲೆ ಮಧ್ಯಾಹ್ನದ ಡಬ್ಬಿ ತೆರೆಯೋಕಾಗಲಿಲ್ಲ ಅಂತ ಮೆಲ್ಲಗೆ ಹೇಳಿದಳು. ಗಿಣಿ ಮೆಲ್ಲಗೆ ಮಾತಾಡಿದ್ದು ಮನೆಯಲ್ಲಿ ಎಲ್ಲರೂ ಗಮನಿಸಿದ ಸಂಗತಿ.

ಚಳಿಗಾಲದ ಹೊತ್ತಿಗೆ ನಕ್ಷೆ ತಯಾರಾಯಿತು. ಎಷ್ಟು ಚಂದದ ನಕ್ಷೆ ಎಂದರೆ ಅವನು ಅದನ್ನು ದೊಡ್ಡದಾಗಿ ಮುದ್ರಿಸಿ ಟೀ ಫ್ಲಾಸ್ಕಿನ ಮೇಲಿನ ಗೋಡೆಗೆ ಅಂಟಿಸಿದ, ಟೀ ಬಗ್ಗಿಸಿಕೊಳ್ಳುವವರು ನೋಡದೆ ವಿಧಿಯಿಲ್ಲದ ಹಾಗೆ. ಗಣಿಯ ಹತ್ತಿರದ ತಿರುವುಗಳಲ್ಲಿ ಕೆಂಪು ಚುಕ್ಕೆಗಳು ದಡಾರ ಎದ್ದ ಹಾಗೆ ಒತ್ತೊತ್ತಾಗಿ ಇದ್ದವು. ತಿರುವು ಮುಗಿದು ಜೌಗಿನ ಪಕ್ಕದಲ್ಲಿ ಸ್ಕೇಲು ಇಟ್ಟು ಎಳೆದ ಹಾಗೆ ಹೋಗುವ ನೇರ ರಸ್ತೆಯಲ್ಲಿ ಒಂದು ಚುಕ್ಕೆಯೂ ಇಲ್ಲ. ಎಲ್ಲರ ಕಣ್ಣಿಗೆ ಹೊಡೆಯುವಂತಿತ್ತು: ಸಾವು ತಿರುವಿನಲ್ಲಿ. ರಸ್ತೆ ಇಂಜಿನಿಯರ್ ಬಂದು ನೋಡಿ, ಇದಕ್ಕಿಂತ ಸ್ಪಷ್ಟವಾಗಿ ಯಾರು ತಾನೇ ಹೇಳ್ತಾರೆ, ಸುರಂಗ ತಿರುವಿಗೇ ಅಂದರು. ಮೇಡಂ ಅವನ ಬೆನ್ನು ತಟ್ಟಿದರು. ನಿನ್ನ ಕಾಂಟ್ರಾಕ್ಟ್ ಮುಂದುವರಿಸುವ ಮಾತು ಸಭೆ ಆದ ಮೇಲೆ ಆಡೋಣ ಅಂತಲೂ ಅಂದರು. ಅವನು ಅಂದು ಮನೆಗೆ ಹೋಗುವ ದಾರಿಯಲ್ಲಿ ಎರಡು ಸಲ ಸೀಟಿ ಹೊಡೆದ. ಸೀಟಿ ಹೊಡೆಯಲು ಬರದ ಮನುಷ್ಯ.

ಸಭೆಯ ಹಿಂದಿನ ಸಂಜೆ ಊಟಕ್ಕೆ ಕೂತಾಗ ಅವನು ಯಾವುದೋ ಮಾತಿಗೆ, ಮುಂದಿನ ತಿಂಗಳು ತಿರುವಿಗೆ ತೋಡೋ ಯಂತ್ರ ಬರತ್ತೆ ಅಂದ.

ಗಿಣಿಯ ಕೈ ತಟ್ಟೆಯಲ್ಲೇ ನಿಂತಿತು.

“ಯಾವ ಯಂತ್ರ?”

“ಸುರಂಗಕ್ಕೆ. ನಿಮ್ಮ ಚುಕ್ಕೆ ಇರೋ ಕಡೆ.”

“ನಿಜವಾಗ್ಲೂ ತೋಡ್ತಾರಾ?”

“ಮತ್ತೆ ಸುಮ್ನೆ ಬಸ್ಸಲ್ಲಿ ಕೂಗೋಕೆ ಹೇಳಿದ್ವಾ?”

“ಹೂಂ. ಹಾಗೇ ಅಂದ್ಕೊಂಡಿದ್ವಿ ಮಾಮ,” ಅಂದಳು ಗಿಣಿ. “ಕೆರೆ ಕಸದ ಥರ. ಫೋಟೋ ತೆಗೀತೀರಿ, ಟೋಪಿ ಇಸ್ಕೋತೀರಿ.”

ಅವನಿಗೆ ಅದು ನಾಟಿತು. ಆದರೆ ನಾಟಬೇಕಾದದ್ದು ಇನ್ನೂ ಬಾಕಿ ಇತ್ತು. ಗಿಣಿ ಅಜ್ಜಿಯನ್ನೊಮ್ಮೆ ನೋಡಿ, ದನಿ ಇಳಿಸಿ ವಿಷಯ ಬಿಚ್ಚಿದಳು. ತಿರುವುಗಳಲ್ಲಿ ಬಸ್ಸು ಕುಲುಕುತ್ತದೆ, ನಿಧಾನ ಹೋಗುತ್ತದೆ, ಆಗ ಎಲ್ಲರೂ ಕಿಟಕಿಯಲ್ಲಿ. ನೇರ ರಸ್ತೆ ಮಾತ್ರ ಬೆಣ್ಣೆಯ ಹಾಗೆ ನುಣುಪು. ಪೆನ್ನು ಅಲುಗುವುದಿಲ್ಲ. ಲೆಕ್ಕದ ಪೀರಿಯಡ್ಡು ಬೆಳಿಗ್ಗೆ ಮೊದಲನೆಯದು. ಹಾಗಾಗಿ ನೇರ ರಸ್ತೆ ಬಂದ ಕೂಡಲೇ ಇಡೀ ಬಸ್ಸು ತಲೆ ತಗ್ಗಿಸಿ ಹೋಂವರ್ಕ್ ಕಾಪಿ ಮಾಡುತ್ತದೆ. ಅದು ಇವರ ಕಾಲದ್ದಲ್ಲ, ಸೀನಿಯರ್‌ಗಳಿಂದ ಬಂದ ಪದ್ಧತಿ. ಅಲ್ಲಿ ಪ್ರಾಣಿ ಸತ್ತಿಲ್ಲ ಅಂತಲ್ಲ. ಯಾರೂ ನೋಡಿಯೇ ಇಲ್ಲ.

ಗೋಡೆಯ ಮೇಲಿನ ನಕ್ಷೆ, ಮೇಡಂ ಬೆನ್ನು ತಟ್ಟಿದ್ದು, ಸೀಟಿ, ಎಲ್ಲ ಒಂದರ ಹಿಂದೊಂದು ಅವನ ಕಣ್ಣ ಮುಂದೆ ಬಂದವು. ತಿರುವಿನಲ್ಲೂ ಪ್ರಾಣಿಗಳು ಸಾಯೋದು ಸುಳ್ಳೇನಲ್ಲವಲ್ಲ, ಅಲ್ಲೇ ಒಂದು ಸುರಂಗ ಆದರೆ ಯಾರಿಗೆ ನಷ್ಟ ಅಂದ. ಹೇಳುವಾಗಲೇ ತನ್ನ ದನಿ ತನಗೆ ಇಷ್ಟವಾಗಲಿಲ್ಲ. ಅಮ್ಮ, ನಾಳೆ ಬಸ್ಸಲ್ಲಿ ಹೋಗಿ ನೋಡ್ಕೊಂಡು ಬಾರೋ, ಕೂತು ಹೋಗೋದಕ್ಕೇನು ಕಷ್ಟ ಅಂತ ತಟ್ಟೆ ಎತ್ತಿದಳು.

ಮರುದಿನ ಬೆಳಿಗ್ಗೆ ಅವನು ಬಸ್ಸು ಹತ್ತಿದ. ಡ್ರೈವರ್ ಅವನ ಕೂದಲು ನೋಡಿ, ಪೋಷಕರ ಸಭೆ ಇವತ್ತಾ ಸಾರ್ ಅಂತ ವಿಚಾರಿಸಿದ. ಗಣಿಯ ತಿರುವು ಬಂದಾಗ ಬಸ್ಸು ಸಂತೆಯಾಯಿತು. ಎಡಕ್ಕೆ ಹಾವು ಅಂತ ಒಬ್ಬ, ಅಲ್ಲ ಹಗ್ಗ ಅಂತ ಒಬ್ಬಳು, ಬಲಕ್ಕೆ ಮೊಲ, ಚುಕ್ಕೆ ಇಡು, ಇಟ್ಟೆ, ನಿನ್ನೆಯದಕ್ಕೇ ಇಟ್ಟೆಯಲ್ಲೋ. ಅವನಿಗೆ ಹೆಮ್ಮೆಯೇ ಆಯಿತು. ಕೊನೆಯ ತಿರುವು ದಾಟಿ ಬಸ್ಸು ನೇರಕ್ಕೆ ಬಿದ್ದದ್ದೇ ತಡ, ಯಾರೋ ಸ್ವಿಚ್ಚು ಒತ್ತಿದ ಹಾಗೆ ಸದ್ದು ಅಡಗಿತು. ಬ್ಯಾಗುಗಳು ತೊಡೆಯ ಮೇಲೆ ಬಂದವು. ಗಿಣಿ ನಡುದಾರಿಯಲ್ಲಿ ನಿಂತು ಒಂದು ಕೈಯಲ್ಲಿ ಸರಳು ಹಿಡಿದು, ಇನ್ನೊಂದರಲ್ಲಿ ತನ್ನ ಪುಸ್ತಕ ಹಿಡಿದು ಮೂರನೇ ಲೆಕ್ಕದ ಉತ್ತರ ಹೇಳತೊಡಗಿದಳು. ಪರೀಕ್ಷಾ ಕೊಠಡಿಯಲ್ಲೂ ಅಷ್ಟು ಶಿಸ್ತು ಇರುವುದಿಲ್ಲ.

ಕಿಟಕಿಯ ಹೊರಗೆ ನೋಡುತ್ತಿದ್ದವನು ಅವನೊಬ್ಬನೇ. ಇಲ್ಲಿ ಕಾಡು ರಸ್ತೆಯ ಅಂಚಿಗೇ ಬಂದು ನಿಂತಿತ್ತು, ಆಚೆ ಬದಿಗೆ ಜೌಗಿನ ಹುಲ್ಲು ಶುರು. ಇಷ್ಟು ಹತ್ತಿರ ಅವೆರಡೂ ಬೇರೆಲ್ಲೂ ಬಂದಿರಲಿಲ್ಲ. ಎದುರಿನಿಂದ ಬರುವ ಲಾರಿಗಳು ಬಾಣದ ಹಾಗೆ ಹೋಗುತ್ತಿದ್ದವು. ಮೊದಲು ಒಂದು ಆಮೆ. ಅದರ ಹಿಂದೆಯೇ ಇನ್ನೊಂದು, ಚಿಕ್ಕದು. ಒಂದು ನರಿ, ಮಲಗಿದ ಹಾಗೆ. ನಡುರಸ್ತೆಯಲ್ಲಿ ಚದುರಿದ ಮುಳ್ಳುಹಂದಿಯ ಮುಳ್ಳುಗಳು. ಅವನು ಎಣಿಸಲು ಹೋಗಿ ಬಿಟ್ಟುಬಿಟ್ಟ. ಬೆನ್ನ ಹಿಂದೆ ಗಿಣಿಯ ದನಿ ಸಣ್ಣಗಾಗುತ್ತಾ ಹೋಗಿ ನಿಂತಿತು. ಅವಳೂ ನೋಡಿದ್ದಳು. ಸರಳು ಹಿಡಿದ ಕೈಗೆ ಹಣೆ ಒರಗಿಸಿ ನಿಂತಳು. ಯಾರೋ, ನಾಲ್ಕನೇದು ಹೇಳೇ ಅಂದರು. ಅವಳು ಪುಸ್ತಕ ಮುಚ್ಚಿದಳು.

ಸಭೆಗೆ ವಿದ್ಯಾರ್ಥಿಗಳ ಕಡೆಯಿಂದ ಗಿಣಿ ಮತ್ತು ಅವಳ ನಾಲ್ಕಾರು ಜೊತೆಗಾರರು ಬರಬೇಕು, ಟೋಪಿ ಹಾಕಿಕೊಂಡು ಗೋಡೆಯ ಬದಿಗೆ ನಿಲ್ಲಬೇಕು, ಕೊನೆಗೆ ಫೋಟೋ ಎಂಬ ಏರ್ಪಾಡು ಇವನೇ ಮಾಡಿದ್ದು. ಜೊತೆಯಲ್ಲಿ ಕಾಲೇಜಿನ ಪರಿಸರ ಸಂಘದ ಮೇಷ್ಟ್ರು. ಆ ಸಂಘವನ್ನು ಬೇರೆ ಯಾರೂ ಒಪ್ಪಿಕೊಳ್ಳದ್ದರಿಂದ ಅದು ಕೊನೆಗೆ ಲೆಕ್ಕದ ಮೇಷ್ಟ್ರ ಕೊರಳಿಗೆ ಬಿದ್ದಿತ್ತು. ಗಿಣಿ ಎಂದರೆ ಅವರಿಗೆ ಪ್ರಾಣ. ಕ್ಲಾಸಿನಲ್ಲಿ ಇಷ್ಟು ಹೋಂವರ್ಕು ಸರಿ ಬರುವುದಕ್ಕೆ ತಮ್ಮ ಬೋಧನೆಯೇ ಕಾರಣ ಅಂತ ಅವರು ನಂಬಿದ್ದರು.

ಇಂಜಿನಿಯರ್ ತಿರುವಿನ ಸುರಂಗದ ನೀಲಿನಕ್ಷೆ ಹರಡಿದರು. ಮೇಡಂ ಎಲ್ಲರ ಸಮ್ಮತಿ ಕೇಳಿದರು. ಅರಣ್ಯದವರು ಹೂಂ ಅಂದರು, ಹೊಲದವರು ಹೂಂ ಅಂದರು, ಗಣಿಯವರು ತಮ್ಮ ಜಾಗದಿಂದ ದೂರ ತೋಡಿದರೆ ಹೂಂ ಅಂದರು. ಯುವಜನರ ಅಭಿಪ್ರಾಯ ಎಂದಾಗ ಎಲ್ಲರೂ ಇವನತ್ತ ನೋಡಿದರು. ಉತ್ಸಾಹದಲ್ಲಿದ್ದಾರೆ ಎಂಬ ಮಾತು ನಾಲಿಗೆ ತುದಿಗೆ ತಾನಾಗಿ ಬಂತು. ಅಭ್ಯಾಸಬಲ. ಬಾಯಿ ತೆರೆದ. ಅಷ್ಟರಲ್ಲಿ ಕೆಳಗೆ ಗಾಳಿ ಯಂತ್ರ ಶುರುವಾಯಿತು.

ಅದು ಗುಡುಗುಡು ಅನ್ನುವಷ್ಟು ಹೊತ್ತು ಅವನು ತೆರೆದ ಬಾಯಲ್ಲೇ ಕೂತಿದ್ದ. ಗೋಡೆಯ ಬದಿಗೆ ಗಿಣಿ ಟೋಪಿಯನ್ನು ಕೈಯಲ್ಲಿ ಹಿಡಿದು ಹಿಂಡುತ್ತಿದ್ದಳು. ಅವನಿಗೆ ಕಾಂಟ್ರಾಕ್ಟು ನೆನಪಾಯಿತು, ಆಮೇಲೆ ಚಿಕ್ಕ ಆಮೆ ನೆನಪಾಯಿತು. ಯಂತ್ರ ನಿಂತಿತು.

“ನಕ್ಷೆ ಸರಿ ಇಲ್ಲ,” ಅಂದ.

ಮೇಡಂ ಕನ್ನಡಕ ತೆಗೆದರು. ಇಂಜಿನಿಯರ್ ಏನು ಸರಿ ಇಲ್ಲ ಅಂತ ಕೇಳಿದರು. ನೇರ ರಸ್ತೆಯ ಭಾಗ ಯಾರೂ ನೋಡಿಲ್ಲ, ತಾನು ಬೆಳಿಗ್ಗೆ ಹೋಗಿ ನೋಡಿದೆ, ಅಲ್ಲೇ ಹೆಚ್ಚು ಅಂತ ಅವನು ಹೇಳಿದ. ಇಷ್ಟು ತಿಂಗಳು ಯಾಕೆ ನೋಡಲಿಲ್ಲ ಅಂತ ಮರುಪ್ರಶ್ನೆ ಬಂತು. ಇಲ್ಲಿ ಅವನ ಧೈರ್ಯದ ಎಣ್ಣೆ ತೀರಿತು. ಮಕ್ಕಳನ್ನು ಮೇಷ್ಟ್ರ ಮುಂದೆ ಹಿಡಿದುಕೊಡುವುದು ಹೇಗೆ? ತಾಂತ್ರಿಕ ಕಾರಣಗಳಿಂದ ಅಂತ ಗೊಣಗಿದ. ತಾಂತ್ರಿಕ ಎಂದರೆ ಏನು ಅಂತ ಇಂಜಿನಿಯರ್ ಬಿಡಲಿಲ್ಲ.

“ಹೋಂವರ್ಕ್ ಕಾಪಿ ಮಾಡ್ತೀವಿ ಸರ್,” ಗೋಡೆಯ ಕಡೆಯಿಂದ ಗಿಣಿಯ ದನಿ ಬಂತು. “ಲೆಕ್ಕದ್ದು. ಅಲ್ಲಿ ಬಸ್ಸು ಅಲುಗಾಡಲ್ಲ.”

ಲೆಕ್ಕದ ಮೇಷ್ಟ್ರು ನಿಧಾನವಾಗಿ ತಿರುಗಿದರು.

“ಎಲ್ಲರೂನಾ?”

“ಕೊಡೋರು ಒಬ್ಬರನ್ನ ಬಿಟ್ಟು ಸರ್.”

“ಕೊಡೋದ್ಯಾರು?”

“ನಾನೇ ಸರ್.”

ಮೇಷ್ಟ್ರ ಮುಖ ನೋಡುವ ಹಾಗಿರಲಿಲ್ಲ. ಗಿಣಿ ಮುಂದೆ ಹೇಳಿದಳು. ತಾವು ನೋಡಿದ್ದರಿಂದ ಏನೋ ಆಗುತ್ತದೆ ಅಂತ ಯಾರೂ ತಮಗೆ ಹೇಳಿರಲಿಲ್ಲ. ಹೇಳಿದ್ದರೆ ಹೋಂವರ್ಕು ಮನೆಯಲ್ಲೇ ಮಾಡುತ್ತಿದ್ದೆವು ಅಂತ ಸುಳ್ಳು ಹೇಳುವುದಿಲ್ಲ, ತಿರುವಿನಲ್ಲಿ ಮಾಡುತ್ತಿದ್ದೆವು. ಇನ್ನೆರಡು ತಿಂಗಳು ಕೊಡಿ, ನೇರ ರಸ್ತೆ ಸರಿಯಾಗಿ ನೋಡಿಕೊಡುತ್ತೇವೆ. ಆದರೆ ಜಾಗ ತೀರ್ಮಾನ ಮಾಡುವಾಗ ನಾವೂ ಕೂತಿರಬೇಕು, ಫೋಟೋಗೆ ಅಲ್ಲ.

ಮೊದಲು ನಕ್ಕದ್ದು ಇಂಜಿನಿಯರ್. ತಡೆಯಲಾರದೆ ಶುರುವಾಗಿ, ಮೇಜು ಹಿಡಿದು ನಕ್ಕರು. ಆ ನೇರ ರಸ್ತೆಗೆ ಡಾಂಬರು ಹಾಕಿಸಿದ್ದು ತಾವೇ, ಮೇಲಿನವರು ಬಂದು ಹತ್ತು ತಪ್ಪು ಹುಡುಕಿ ಹೋದರು, ಪೆನ್ನು ಅಲುಗಲ್ಲ ಅಂತ ಇವತ್ತಿನವರೆಗೆ ಯಾರೂ ಸರ್ಟಿಫಿಕೇಟು ಕೊಟ್ಟಿರಲಿಲ್ಲ ಅಂದರು. ಯಂತ್ರವನ್ನು ಅಲ್ಲಿಯವರೆಗೆ ಮೋರಿ ಹೂಳು ತೆಗೆಯಲು ಕಳಿಸುವುದಾಗಿ ಒಪ್ಪಿದರು. ಮಳೆಗಾಲ ಶುರುವಾಗುವ ಮುಂಚೆ ಜಾಗ ಹೇಳದಿದ್ದರೆ ಮಾತ್ರ ಒಪ್ಪಿಗೆಯೇ ರದ್ದಾಗುತ್ತದೆ, ಆಗ ತಿರುವೂ ಇಲ್ಲ ನೇರವೂ ಇಲ್ಲ ಅಂತ ಎಚ್ಚರಿಸಿದರು. ಮೇಡಂ ಕನ್ನಡಕ ಹಾಕಿಕೊಂಡು ಯೂತ್ ಕಡೆ ಒಂದು ನೋಟ ಎಸೆದರು. ಅದು ಬೈಗುಳವೋ ಮೆಚ್ಚುಗೆಯೋ ಅವನಿಗೆ ತಿಳಿಯಲಿಲ್ಲ. ಎರಡನ್ನೂ ಸಂಬಳಕ್ಕೆ ಸೇರಿಸಿಕೊಂಡ.

ಆ ಎರಡು ತಿಂಗಳು ಮಕ್ಕಳು ನೇರ ರಸ್ತೆಯನ್ನು ಪಾಳಿ ಹಾಕಿಕೊಂಡು ನೋಡಿದರು. ತಾನು ಯಾರಿಗೂ ಉತ್ತರ ಹೇಳಿಕೊಡಲಿಲ್ಲ ಅಂತ ಗಿಣಿ ಹೇಳುತ್ತಾಳೆ. ಆದರೂ ಹೋಂವರ್ಕು ಎಲ್ಲೋ ತಯಾರಾಗುತ್ತಿತ್ತು. ಮೇಷ್ಟ್ರು ಪುಸ್ತಕ ತಿದ್ದಲು ಕೂತರೆ ಅಕ್ಷರಗಳು ಏಳುತ್ತ ಬೀಳುತ್ತ, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತ ಇದ್ದವು. ಯಾವ ಲೆಕ್ಕ ಗಣಿಯ ಯಾವ ತಿರುವಿನಲ್ಲಿ ಆಯಿತು ಎಂದು ಅವರು ಪುಸ್ತಕ ನೋಡಿಯೇ ಹೇಳಬಲ್ಲವರಾದರು. ಸಿಟ್ಟಿನಿಂದ ಶುರುವಾದದ್ದು ಅವರಿಗೆ ಒಂದು ಚಟವೇ ಆಯಿತು ಎಂಬುದು ಮಕ್ಕಳ ಅಭಿಪ್ರಾಯ.

ಬೇಸಿಗೆ ಶುರುವಾಗುವ ಹೊತ್ತಿಗೆ ಹೊಸ ನಕ್ಷೆ ಬಂತು. ನೇರ ರಸ್ತೆ ಕೆಂಪಾಗಿತ್ತು, ತಿರುವಿನ ಚುಕ್ಕೆಗಳು ಅದರ ಮುಂದೆ ಸಪ್ಪೆ. ಅಂದಿನ ಸಭೆಯನ್ನು ಕಾಲೇಜು ಬಿಟ್ಟ ಮೇಲೆ ಇಟ್ಟಿದ್ದರು. ‘ಯುವಜನ’ ಫಲಕದ ಹಿಂದಿನ ಕುರ್ಚಿಯಲ್ಲಿ ಗಿಣಿ ಕೂತಳು, ಪಕ್ಕಕ್ಕೆ ಇನ್ನೆರಡು ಕುರ್ಚಿ ಎಳೆದು ಇನ್ನಿಬ್ಬರು. ಯೂತ್‌ಗೆ ಕೂರಲು ಜಾಗ ಉಳಿಯಲಿಲ್ಲ. ಅವನು ಫ್ಲಾಸ್ಕಿನ ಹತ್ತಿರ ನಿಂತು ಎಲ್ಲರಿಗೂ ಟೀ ಬಗ್ಗಿಸಿದ. ಸುರಂಗ ನಿಖರವಾಗಿ ಎಲ್ಲಿ ಎಂಬುದಕ್ಕೆ ಗಿಣಿಗೂ ಅರಣ್ಯದವರಿಗೂ ಜಗಳವಾಯಿತು, ಗಾಳಿ ಯಂತ್ರ ಬಂದಾಗ ನಿಂತಿತು, ಹೋದಾಗ ಮುಂದುವರಿಯಿತು. ಅವನಿಗೆ ಯಾಕೋ ಬಹಳ ಸಮಾಧಾನವಾಯಿತು. ಅವನ ಕಾಂಟ್ರಾಕ್ಟೂ ಮುಂದುವರಿಯಿತು, ಆದರೆ ಹುದ್ದೆಯಲ್ಲಿದ್ದ ಯುವಜನ ಎಂಬ ಪದ ಬಿದ್ದುಹೋಗಿ ಬರೀ ಸಂಯೋಜಕ ಎಂದಾಯಿತು. ಆಫೀಸಿನವರು ಯೂತ್ ಎನ್ನುವುದನ್ನು ಬಿಡಲಿಲ್ಲ. ಈಗ ಅದರಲ್ಲಿ ಸ್ವಲ್ಪ ಕರುಣೆ ಬೆರೆತಿತ್ತು, ಅಷ್ಟೇ.

ಮಳೆಗೆ ಮುಂಚೆ ಸುರಂಗ ಮುಗಿಯಿತು. ಇಂಜಿನಿಯರ್ ಮೇಲಿನ ಡಾಂಬರನ್ನು ಮೊದಲಿಗಿಂತ ನುಣುಪಾಗಿ ಹಾಕಿಸಿಕೊಟ್ಟರು. ಸುರಂಗದೊಳಗೆ, ಏನಾದರೂ ಅಲುಗಿದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ ಇಡಲಾಯಿತು. ಫೋಟೋಗಳು ನೇರವಾಗಿ ಮಕ್ಕಳ ವಾಟ್ಸಾಪ್ ಗುಂಪಿಗೆ ಬರುವ ಏರ್ಪಾಡು. ಅದೂ ಗಿಣಿಯ ಷರತ್ತು. ದಿನಗಳು ಕಳೆದರೂ ಏನೂ ಬರಲಿಲ್ಲ. ಮನೆಯಲ್ಲಿ ಗಿಣಿ ಫೋನನ್ನು ತಟ್ಟೆಯ ಪಕ್ಕವೇ ಇಟ್ಟುಕೊಂಡು ಉಣ್ಣುತ್ತಿದ್ದಳು. ಜಾಗ ಹಟ ಹಿಡಿದು ಹೇಳಿದವಳು ಅವಳು. ಪ್ರಾಣಿಗಳಿಗೆ ಅದು ಹಿಡಿಸದಿದ್ದರೆ? ಅಮ್ಮ ಕೂಡ, ಬಂತೇನೇ ಅಂತ ಕೇಳುವ ಹಂತಕ್ಕೆ ಬಂದಳು.

ಕ್ಯಾಮೆರಾ ಕೆಟ್ಟಿರಬೇಕು ಅಂತ ಒಂದು ಸಂಜೆ ಆಫೀಸಿನಿಂದ ನೇರ ಅಲ್ಲಿಗೆ ಹೋದವನು ಅವನೇ. ಸುರಂಗದೊಳಗೆ ಬಗ್ಗಿಕೊಂಡು ನುಗ್ಗಿ, ತಲೆ ತಗುಲಿಸಿಕೊಂಡು, ಕ್ಯಾಮೆರಾ ಒರೆಸಿ, ಅದರ ಕಣ್ಣಿಗೆ ಕಣ್ಣಿಟ್ಟು ನೋಡಿ, ಎಲ್ಲ ಸರಿಯಿದೆ ಅನ್ನಿಸಿ ಆಚೆ ಬದಿಯಿಂದ ಹೊರಬಂದ. ಹೊರಗೆ ಬಂದಾಗ ಮಂಡಿಯೆಲ್ಲ ಮಣ್ಣು, ಎದುರಿಗೆ ಜೌಗು, ಕಪ್ಪೆಗಳ ಸದ್ದು. ಸ್ವಲ್ಪ ಹೊತ್ತು ಅಲ್ಲೇ ನಿಂತ. ಎಷ್ಟೋ ವರ್ಷದಿಂದ ಈ ಜಾಗದ ಬಗ್ಗೆ ಮಾತಾಡಿದ್ದರೂ ಬೆಟ್ಟದ ಕಡೆಯಿಂದ ಕೆರೆಯ ಕಡೆಗೆ ಅವನು ನಡೆದು ದಾಟಿದ್ದು ಅದೇ ಮೊದಲು.

ಬೆಳಿಗ್ಗೆ ಎದ್ದು ಫೋನು ನೋಡಿದರೆ ಮಕ್ಕಳ ಗುಂಪಿನಲ್ಲಿ ಎರಡು ಫೋಟೋ. ಎರಡನೆಯದರಲ್ಲಿ ಒಂದು ಮುಳ್ಳುಹಂದಿ, ಕೆರೆಯ ಕಡೆ ಮುಖ ಮಾಡಿ, ಯಾರ ಅಪ್ಪಣೆಯೂ ಬೇಕಿಲ್ಲವೆಂಬಂತೆ ಹೋಗುತ್ತಿದೆ. ಅದರ ಕೆಳಗೆ ಇಡೀ ಬಸ್ಸಿನ ಕೂಗಾಟ ಅಕ್ಷರ ರೂಪದಲ್ಲಿ. ಲೆಕ್ಕದ ಮೇಷ್ಟ್ರೂ ಒಂದು ಹೆಬ್ಬೆರಳು ಎತ್ತಿದ್ದರು.

ಮೊದಲನೆಯ ಫೋಟೋದಲ್ಲಿ ಅವನ ಮುಖ, ತೀರಾ ಹತ್ತಿರದಿಂದ, ಮೂಗಿನ ಹೊಳ್ಳೆಗಳು ಸುರಂಗದಷ್ಟೇ ದೊಡ್ಡವಾಗಿ, ಕಿವಿಯ ಮೇಲಿನ ಬಿಳಿ ಕೂದಲೆಲ್ಲ ಬೆಳಕಿಗೆ ಹೊಳೆಯುತ್ತ. ಅದರ ಕೆಳಗೆ ಗಿಣಿ ಬರೆದಿದ್ದಳು: “ಸುರಂಗ ದಾಟಿದ ಮೊದಲನೇ ಪ್ರಾಣಿ. ವಯಸ್ಸಾಗಿದೆ. ಆದ್ರೆ ಸರಿಯಾದ ಕಡೆ ದಾಟಿದೆ.”